ರಾಜಧಾನಿ ಕಳೆದುಕೊಂಡ ಊರಿಗೆ ಅಕ್ಷರವೇ ಆಸರೆ

ಅಮೆರಿಕದ ನಕಾಶೆಯ ನಟ್ಟನಡುವೆ, ಮಿಸಿಸಿಪ್ಪಿ ಮತ್ತು ಮಿಸ್ಸೌರಿ ನದಿಗಳ ನಡುವೆ, ಅಯೋವಾ ಎಂಬ ರಾಜ್ಯವಿದೆ. ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ, ಸೋಯಾ ಅವರೆ, ಹಂದಿ ಸಾಕಣೆಯ ಷೆಡ್ಡುಗಳು. ಪ್ರವಾಸಿಗರು ವಿಮಾನದಲ್ಲಿ ಕೂತು ಮೇಲಿನಿಂದಲೇ ದಾಟಿಹೋಗುವ ಸೀಮೆ ಇದು. ಆದರೆ ಈ ರಾಜ್ಯದ ಪೂರ್ವಭಾಗದ ಒಂದು ಊರಿನ ಹೆಸರು ಮಾತ್ರ ಕಲ್ಕತ್ತೆಯ ಕವಿಗಳಿಗೂ ಬೀಜಿಂಗಿನ ಕಾದಂಬರಿಕಾರರಿಗೂ ಅರ್ಧ ಶತಮಾನಕ್ಕಿಂತ ಹಿಂದಿನಿಂದ ಪರಿಚಿತ. ಆ ಊರು ಅಯೋವಾ ಸಿಟಿ. 2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 74,828. ಇಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಓದುವವರೇ ಸುಮಾರು 30,000 ಮಂದಿ. ಬೇಸಿಗೆ ರಜೆ ಬಂತೆಂದರೆ ಊರು ಬಿಕೋ ಎನ್ನುತ್ತದೆ, ಆಗಸ್ಟ್ ತಿಂಗಳ ಕೊನೆಗೆ ಮತ್ತೆ ತುಂಬಿಕೊಳ್ಳುತ್ತದೆ.

ಊರಿನ ನಡುಮಧ್ಯೆ, ನದಿಯ ಕಡೆಗೆ ಇಳಿಯುವ ದಿಬ್ಬದ ಮೇಲೆ ಸುಣ್ಣಕಲ್ಲಿನ ಒಂದು ಭವ್ಯ ಕಟ್ಟಡವಿದೆ. ಎದುರಿಗೆ ದಪ್ಪನೆಯ ಕಂಬಗಳು, ನೆತ್ತಿಯ ಮೇಲೆ ಚಿನ್ನದ ತಗಡಿನ ಗುಮ್ಮಟ. ಹೊಸಬರು ಇದನ್ನು ವಿಶ್ವವಿದ್ಯಾನಿಲಯ ತನ್ನ ಠೀವಿಗೆ ಕಟ್ಟಿಸಿಕೊಂಡ ಕಟ್ಟಡವೆಂದೇ ತಿಳಿಯುತ್ತಾರೆ. ಆದರೆ ಇದರ ಹೆಸರು ಓಲ್ಡ್ ಕ್ಯಾಪಿಟಲ್, ಅಂದರೆ ಹಳೆಯ ವಿಧಾನಸೌಧ. ಕಟ್ಟಿದ್ದು ಶಾಸಕರಿಗಾಗಿ. ಶಾಸಕರು ಇಲ್ಲಿ ಕೂತದ್ದು ಕೇವಲ 15 ವರ್ಷ. ಅವರು ಎದ್ದುಹೋದ ಮೇಲೆ ಊರಿಗೆ ಉಳಿದದ್ದು ಒಂದು ಖಾಲಿ ಸೌಧ ಮತ್ತು ಇನ್ನೂ ಸರಿಯಾಗಿ ಕಣ್ಣು ಬಿಡದಿದ್ದ ಒಂದು ಕಾಲೇಜು. ಈ ಎರಡನ್ನೇ ಬಂಡವಾಳವಾಗಿಸಿಕೊಂಡು ಊರು ಬದುಕಿಕೊಂಡ ಬಗೆ ಅಮೆರಿಕದ ಕಾಲೇಜು ಊರುಗಳ ಚರಿತ್ರೆಯಲ್ಲಿಯೇ ವಿಶಿಷ್ಟವಾದುದು.

ಕಥೆ ಆರಂಭವಾಗುವುದು 1839ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1837ರ ಒಪ್ಪಂದದ ಮೂಲಕ ಸಾಕ್ ಮತ್ತು ಮೆಸ್ಕ್ವಾಕಿ ಜನರಿಂದ ಈ ನೆಲವನ್ನು ಅಮೆರಿಕದ ಸರ್ಕಾರ ಪಡೆದಿತ್ತು. ಒಪ್ಪಂದ ಎಂಬ ಮಾತು ಕೇಳಲು ಮೃದುವಾಗಿದೆ. ಕೆಲವೇ ವರ್ಷಗಳ ಹಿಂದೆ ಯುದ್ಧದಲ್ಲಿ ಸೋತು ನೆಲ ಕಳೆದುಕೊಂಡವರಿಗೆ ಸಹಿ ಹಾಕದೆ ಬೇರೆ ದಾರಿ ಇರಲಿಲ್ಲ. 1838ರಲ್ಲಿ ಅಯೋವಾ ಪ್ರಾಂತ್ಯ ರಚನೆಯಾಯಿತು. ಗವರ್ನರ್ ರಾಬರ್ಟ್ ಲೂಕಸ್ ಅವರ ಕಾಲದಲ್ಲಿ ಹೊಸ ರಾಜಧಾನಿಗೆ ಸ್ಥಳ ಹುಡುಕಲು ಮೂವರು ಕಮಿಷನರುಗಳನ್ನು ನೇಮಿಸಲಾಯಿತು. ಅವರು 1839ರ ಮೇ 1ರಂದು ನೆಪೋಲಿಯನ್ ಎಂಬ ಪುಟ್ಟ ಹಟ್ಟಿಯಲ್ಲಿ ಸೇರಬೇಕಿತ್ತು. ಬಂದದ್ದು ಚಾನ್ಸಿ ಸ್ವಾನ್ ಒಬ್ಬರೇ. ನಡುರಾತ್ರಿಯೊಳಗೆ ಇನ್ನೊಬ್ಬರು ಬರದಿದ್ದರೆ ಇಬ್ಬರ ಬಹುಮತವಿಲ್ಲದೆ ಅಧಿಕಾರವೇ ರದ್ದಾಗುವ ಪ್ರಸಂಗ. ಫಿಲಿಪ್ ಕ್ಲಾರ್ಕ್ ಎಂಬ ಸ್ಥಳೀಯ ಕುದುರೆಯೇರಿ ಹೋಗಿ ಜಾನ್ ರೊನಾಲ್ಡ್ಸ್ ಎಂಬ ಕಮಿಷನರನ್ನು ಕರೆತಂದನಂತೆ. ಅವರು ಬಂದಾಗ ಸ್ವಾನ್ ಅವರ ಗಡಿಯಾರದಲ್ಲಿ ಹನ್ನೆರಡಕ್ಕೆ ಇನ್ನೂ ಕೆಲವು ನಿಮಿಷವಿತ್ತಂತೆ. ಆ ಗಡಿಯಾರದ ಮುಳ್ಳು ಬಹಳ ವಿಧೇಯವಾಗಿತ್ತು ಎಂದು ಊರಿನವರು ಈಗಲೂ ನಗುತ್ತಾರೆ. ಇತಿಹಾಸ ಎಷ್ಟು, ಐತಿಹ್ಯ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಅಂತೂ ಮೂರು ದಿನಗಳಲ್ಲಿ ಸ್ಥಳ ನಿಶ್ಚಯವಾಯಿತು.

1840ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಸೌಧಕ್ಕೆ ಶಂಕುಸ್ಥಾಪನೆಯಾಯಿತು. ಕಲ್ಲು ಹತ್ತಿರದ ನದಿಯ ದಂಡೆಯ ಗಣಿಗಳದ್ದು. ನಕ್ಷೆ ತಯಾರಿಸಿದವರು ಜಾನ್ ಫ್ರಾನ್ಸಿಸ್ ರೇಗ್. ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ, ಅಬ್ರಹಾಂ ಲಿಂಕನ್ ಶಾಸಕರಾಗಿ ಕೂತಿದ್ದ ಹಳೆಯ ಸೌಧಕ್ಕೂ ಇವರೇ ಶಿಲ್ಪಿ. ಕಟ್ಟಡ ಪೂರ್ಣವಾಗುವ ಮೊದಲೇ, 1842ರಲ್ಲಿ, ಪ್ರಾಂತೀಯ ಶಾಸಕರು ಇಲ್ಲಿ ಅಧಿವೇಶನ ನಡೆಸಿದರು. 1846ರ ಡಿಸೆಂಬರ್ 28ರಂದು ಅಯೋವಾ ಪೂರ್ಣ ರಾಜ್ಯವಾಯಿತು. ಅದಾಗಿ 59 ದಿನಕ್ಕೆ, 1847ರ ಫೆಬ್ರವರಿ 25ರಂದು, ವಿಶ್ವವಿದ್ಯಾನಿಲಯ ಸ್ಥಾಪಿಸುವ ಶಾಸನ ಹೊರಬಿತ್ತು. ಹಾಗೆಂದು ಕೂಡಲೇ ಪಾಠ ಆರಂಭವಾಯಿತೆಂದಲ್ಲ. ಕಾಗದದ ಮೇಲಿನ ವಿಶ್ವವಿದ್ಯಾನಿಲಯ ತರಗತಿಗಳನ್ನು ಕಾಣಲು 1855ರವರೆಗೆ ಕಾಯಬೇಕಾಯಿತು. ಮೊದಲ ವರ್ಷ ಸೇರಿದ 124 ವಿದ್ಯಾರ್ಥಿಗಳಲ್ಲಿ 41 ಮಂದಿ ಹೆಣ್ಣುಮಕ್ಕಳು. ಗಂಡು-ಹೆಣ್ಣುಗಳನ್ನು ಸರಿಸಮನಾಗಿ ಸೇರಿಸಿಕೊಂಡ ಅಮೆರಿಕದ ಮೊದಲ ಸರ್ಕಾರಿ ವಿಶ್ವವಿದ್ಯಾನಿಲಯವೆಂಬ ಹಿರಿಮೆ ಇದರದು. ಪೂರ್ವತೀರದ ಘನಂದಾರಿ ವಿದ್ಯಾಪೀಠಗಳು ಈ ಮಾತನ್ನು ಒಪ್ಪಿಕೊಳ್ಳಲು ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವು.

ಈ ಹೊತ್ತಿಗೆ ಊರಿನ ಜನ ಎದುರು ನೋಡುತ್ತಿದ್ದುದು ವಿದ್ಯೆಗಲ್ಲ, ರೈಲಿಗೆ. 1856ರ ಜನವರಿ 1ರೊಳಗೆ ರೈಲು ಊರು ಮುಟ್ಟಿದರೆ 50,000 ಡಾಲರ್ ಕೊಡುವುದಾಗಿ ಊರಿನವರು ಒಪ್ಪಿದ್ದರು. 1855ರ ಕೊನೆಯ ರಾತ್ರಿ ಮೈ ಕೊರೆಯುವ ಚಳಿ. ಹಳಿ ಹಾಕುವವರ ಜೊತೆ ಊರಿನವರೂ ಕೈಗೂಡಿಸಿದರು. ಕೊನೆಯ ಗಳಿಗೆಯಲ್ಲಿ ಎಂಜಿನ್ ಹೆಪ್ಪುಗಟ್ಟಿ ನಿಂತಾಗ ಜನ ಹಾರೆ ಹಾಕಿ ಮೀಟಿ ಅದನ್ನು ನಿಲ್ದಾಣಕ್ಕೆ ದೂಡಿದರೆಂದು ಹೇಳಲಾಗುತ್ತದೆ. ಹಳಿ ಅಲ್ಲಿಗೇ ನಿಂತಿದ್ದರಿಂದ ಪಶ್ಚಿಮಕ್ಕೆ ಹೋಗುವವರೆಲ್ಲ ಇಲ್ಲಿ ಇಳಿಯಲೇಬೇಕಿತ್ತು. 1856ರಲ್ಲಿ ಯೂರೋಪಿನಿಂದ ಬಂದ ಮಾರ್ಮನ್ ಪಂಥದ ಬಡ ವಲಸೆಗಾರರು ಇಲ್ಲಿಂದಲೇ ಕೈಗಾಡಿಗಳನ್ನು ಎಳೆದುಕೊಂಡು, ಕಾಲ್ನಡಿಗೆಯಲ್ಲಿ, 1,300 ಮೈಲಿ ದೂರದ ಸಾಲ್ಟ್ ಲೇಕ್ ಸಿಟಿಗೆ ಹೊರಟದ್ದು. ಆ ವರ್ಷ ತಡವಾಗಿ ಹೊರಟ ಎರಡು ತಂಡಗಳು ಹಿಮಕ್ಕೆ ಸಿಕ್ಕಿ ಇನ್ನೂರಕ್ಕೂ ಹೆಚ್ಚು ಜನ ದಾರಿಯಲ್ಲೇ ಸತ್ತರು.

ರೈಲು ಬಂದ ಸಂಭ್ರಮ ಎರಡು ವರ್ಷವೂ ಉಳಿಯಲಿಲ್ಲ. ಜನವಸತಿ ಪಶ್ಚಿಮಕ್ಕೆ ಸರಿಯುತ್ತಿತ್ತು; ರಾಜಧಾನಿ ರಾಜ್ಯದ ನಡುವಿನಲ್ಲಿರಬೇಕೆಂಬ ಕೂಗು ಬಲವಾಯಿತು. 1857ರಲ್ಲಿ ರಾಜ್ಯಕ್ಕೆ ಹೊಸ ಸಂವಿಧಾನ ಬರೆದದ್ದು ಇದೇ ಓಲ್ಡ್ ಕ್ಯಾಪಿಟಲ್‌ನಲ್ಲಿ. ಆ ಸಂವಿಧಾನದ ಹನ್ನೊಂದನೆಯ ವಿಧಿಯಲ್ಲಿ ಒಂದು ವಿಚಿತ್ರ ವಾಕ್ಯವಿದೆ. ರಾಜ್ಯದ ಆಡಳಿತ ಕೇಂದ್ರ ಡೆ ಮೊಯ್ನ್ ನಗರದಲ್ಲಿಯೂ, ರಾಜ್ಯದ ವಿಶ್ವವಿದ್ಯಾನಿಲಯ ಅಯೋವಾ ಸಿಟಿಯಲ್ಲಿಯೂ ಶಾಶ್ವತವಾಗಿ ನೆಲೆಗೊಳ್ಳತಕ್ಕದ್ದು ಎಂದು ಅದರ ತಾತ್ಪರ್ಯ. ಒಂದೇ ವಾಕ್ಯದಲ್ಲಿ ಕಿತ್ತುಕೊಂಡದ್ದೂ ಇದೆ, ಕೊಟ್ಟದ್ದೂ ಇದೆ. ಅಂದಿನವರ ಕಣ್ಣಿಗೆ ಇದು ಆನೆ ಕೊಟ್ಟು ಆಡು ತೆಗೆದುಕೊಂಡ ವ್ಯಾಪಾರವಾಗಿಯೇ ಕಂಡಿರಬೇಕು. ಅದೇ ವರ್ಷದ ಚಳಿಗಾಲದಲ್ಲಿ ಸರ್ಕಾರದ ಕಡತಗಳು ಗಾಡಿಗಳಲ್ಲಿ ಡೆ ಮೊಯ್ನ್‌ಗೆ ಹೊರಟವು. ಖಜಾನೆಯ ಭಾರಿ ತಿಜೋರಿ ದಾರಿಯಲ್ಲಿ ಹೂತುಹೋಗಿ, ಕೆಲವು ದಿನ ಬಟ್ಟಬಯಲಲ್ಲೇ ಬಿದ್ದಿತ್ತು. ನೆಲ ಹೆಪ್ಪುಗಟ್ಟಿದ ಮೇಲೆ ಎತ್ತುಗಳನ್ನು ಕಟ್ಟಿ ಜಾರುಬಂಡಿಯಲ್ಲಿ ಎಳೆದೊಯ್ದರು.

ಆನೆ-ಆಡಿನ ಲೆಕ್ಕ ನಿಧಾನವಾಗಿ ತಿರುಗುಮುರುಗಾಯಿತು. ಶಾಸಕರು ಬಿಟ್ಟುಹೋದ ಸೌಧವೇ ವಿಶ್ವವಿದ್ಯಾನಿಲಯದ ಮೊದಲ ಸ್ವಂತ ಕಟ್ಟಡವಾಯಿತು. ಅದರ ನಾಲ್ಕು ಮೂಲೆಗಳಿಗೆ ಮುಂದೆ ನಾಲ್ಕು ಕಲ್ಲಿನ ಕಟ್ಟಡಗಳು ಎದ್ದವು. ಐದನ್ನೂ ಸೇರಿಸಿ ಪೆಂಟಾಕ್ರೆಸ್ಟ್ ಎನ್ನುತ್ತಾರೆ. ಅವುಗಳಲ್ಲೊಂದರ ನೆಲಮಾಳಿಗೆಯಲ್ಲಿ ಭೌತವಿಜ್ಞಾನಿ ಜೇಮ್ಸ್ ವಾನ್ ಅಲೆನ್ ಅವರ ತಂಡ ಸಿದ್ಧಪಡಿಸಿದ ಉಪಕರಣವೇ 1958ರಲ್ಲಿ ಅಮೆರಿಕದ ಮೊದಲ ಉಪಗ್ರಹದೊಂದಿಗೆ ಆಕಾಶಕ್ಕೇರಿ, ಭೂಮಿಯನ್ನು ಸುತ್ತುವರಿದ ವಿಕಿರಣ ಪಟ್ಟಿಗಳ ಸುಳಿವು ಕೊಟ್ಟದ್ದು. ಕಾನೂನು, ವೈದ್ಯಕೀಯ, ಆಸ್ಪತ್ರೆ ಎಲ್ಲವೂ ಬಂದವು. ಆದರೆ ಊರಿಗೆ ಹೆಸರು ತಂದುಕೊಟ್ಟದ್ದು ಬೇರೆಯೇ ಒಂದು ವಿದ್ಯೆ. ಅದನ್ನು ಕಲಿಸಲು ಸಾಧ್ಯವೇ ಎಂದು ಇವತ್ತಿಗೂ ಜಗಳವಾಡುವವರಿದ್ದಾರೆ.

ಅದು ಕಥೆ-ಕವಿತೆ ಬರೆಯುವ ವಿದ್ಯೆ. 1897ರಷ್ಟು ಹಿಂದೆಯೇ ಇಲ್ಲಿ ಪದ್ಯರಚನೆಯ ತರಗತಿಯೊಂದು ನಡೆದಿತ್ತು. ನಿಜವಾದ ತಿರುವು ಬಂದದ್ದು 1922ರಲ್ಲಿ. ಸ್ನಾತಕೋತ್ತರ ವಿಭಾಗದ ಡೀನ್ ಆಗಿದ್ದ ಕಾರ್ಲ್ ಸೀಶೋರ್, ಸ್ವತಃ ಮನಶ್ಶಾಸ್ತ್ರಜ್ಞರು. ಸಂಶೋಧನ ಪ್ರಬಂಧದ ಬದಲು ಕವನ ಸಂಕಲನ, ಕಾದಂಬರಿ, ಚಿತ್ರ, ಸಂಗೀತ ಕೃತಿಗಳನ್ನೂ ಪದವಿಗಾಗಿ ಸ್ವೀಕರಿಸಬಹುದೆಂದು ಅವರು ಪ್ರಕಟಿಸಿದರು. ಸಾಹಿತ್ಯ ವಿಭಾಗವೆಂದರೆ ಸತ್ತವರ ಕೃತಿಗಳಿಗೆ ಅಡಿಟಿಪ್ಪಣಿ ಬರೆಯುವ ಜಾಗ ಎಂದು ನಂಬಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. 1936ರಲ್ಲಿ ವಿಲ್ಬರ್ ಶ್ರಾಮ್ ಅವರ ನೇತೃತ್ವದಲ್ಲಿ ರೈಟರ್ಸ್ ವರ್ಕ್‌ಷಾಪ್ ಆರಂಭವಾಯಿತು. 1941ರಲ್ಲಿ ಅದರ ಚುಕ್ಕಾಣಿ ಹಿಡಿದವರು ಪಾಲ್ ಎಂಗಲ್. ನೆರೆಯ ಸೀಡರ್ ರ‍್ಯಾಪಿಡ್ಸ್ ಊರಿನ ಕುದುರೆ ವ್ಯಾಪಾರಿಯ ಮಗ. ಕವನ ಸಂಕಲನವನ್ನೇ ಪ್ರಬಂಧವಾಗಿ ಒಪ್ಪಿಸಿ ಇಲ್ಲಿಯೇ ಪದವಿ ಪಡೆದವರು. ತಂದೆಯ ವ್ಯವಹಾರ ಚಾತುರ್ಯ ಮಗನಿಗೂ ಬಂದಿತ್ತು. ಕವಿಗಳಿಗೆ ಕಾಸಿಲ್ಲವೆಂದಾಗ ಅವರು ಹೋಗಿ ನಿಂತದ್ದು ಬಟ್ಟೆ ಒಗೆಯುವ ಯಂತ್ರ ಮಾಡುವ ಮೇಟ್ಯಾಗ್, ಓಟ್ಸ್ ಮಾರುವ ಕ್ವೇಕರ್ ಮುಂತಾದ ಕಂಪೆನಿಗಳ ಬಾಗಿಲಲ್ಲಿ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ವರ್ಕ್‌ಷಾಪ್ ತುಂಬಿ ತುಳುಕಿತು. ಯುದ್ಧದಿಂದ ಮರಳಿದ ಸೈನಿಕರ ಓದಿನ ಖರ್ಚನ್ನು ಸರ್ಕಾರವೇ ಭರಿಸುತ್ತಿತ್ತು. ನದಿ ದಂಡೆಯಲ್ಲಿ ಮಿಲಿಟರಿಯವರು ಬಳಸಿ ಬಿಟ್ಟಂಥ ಅರ್ಧವೃತ್ತಾಕಾರದ ತಗಡಿನ ಷೆಡ್ಡುಗಳು. ಚಳಿಗಾಲದಲ್ಲಿ ಕೊರೆತ, ಮಳೆ ಬಂದರೆ ಪಾಠ ಕೇಳಿಸದಷ್ಟು ಸದ್ದು. ಪಾಠದ ಕ್ರಮ ಸರಳ, ಅಷ್ಟೇ ಕಠಿಣ. ಒಬ್ಬರು ಬರೆದ ಕಥೆಯ ಪ್ರತಿಗಳನ್ನು ಎಲ್ಲರೂ ಮೊದಲೇ ಓದಿರುತ್ತಾರೆ. ಸುತ್ತ ಕೂತು ಚರ್ಚಿಸುತ್ತಾರೆ. ಬರೆದವರು ಮಾತ್ರ ತುಟಿ ಪಿಟಕ್ಕೆನ್ನಬಾರದು. ತಮ್ಮ ಕೂಸನ್ನು ಹತ್ತು ಜನ ಹರಿದು ಹಂಚುವುದನ್ನು ಸುಮ್ಮನೆ ಕೂತು ಕೇಳಬೇಕು. 1945ರಲ್ಲಿ ದಕ್ಷಿಣದ ಜಾರ್ಜಿಯಾದಿಂದ ಪತ್ರಿಕೋದ್ಯಮ ಓದಲೆಂದು ಬಂದ ಹುಡುಗಿಯೊಬ್ಬಳು ಎಂಗಲ್ ಅವರ ಕೋಣೆಗೆ ಬಂದು ಏನೋ ಹೇಳಿದಳು. ಆ ಸೀಮೆಯ ಉಚ್ಚಾರಣೆ ಒಂದಿಷ್ಟೂ ಅರ್ಥವಾಗದೆ ಎಂಗಲ್, ಹೇಳುವುದನ್ನು ಬರೆದು ತೋರಿಸಲು ಕೇಳಿದರು. ತಾನು ಪತ್ರಕರ್ತೆಯಲ್ಲ, ವರ್ಕ್‌ಷಾಪ್‌ಗೆ ಸೇರಬಹುದೇ ಎಂದು ಆಕೆ ಬರೆದಳು. ಆಕೆಯೇ ಮುಂದೆ ಅಮೆರಿಕದ ಶ್ರೇಷ್ಠ ಕಥೆಗಾರರಲ್ಲಿ ಒಬ್ಬರೆನಿಸಿದ ಫ್ಲಾನರಿ ಒಕಾನರ್. ಪತ್ರಿಕೋದ್ಯಮಕ್ಕೆ ಆದ ನಷ್ಟ ಸಾಹಿತ್ಯಕ್ಕೆ ಲಾಭವಾಯಿತು. ಕರ್ಟ್ ವಾನೆಗಟ್ 1965ರಿಂದ 1967ರವರೆಗೆ ಇಲ್ಲಿ ಕಲಿಸುತ್ತ, ತಮ್ಮ ಪ್ರಸಿದ್ಧ ಯುದ್ಧ ಕಾದಂಬರಿಯ ಕೆಲಸದಲ್ಲಿ ತೊಡಗಿದ್ದರು. ಇಲ್ಲಿ 25 ವರ್ಷ ಕಲಿಸಿದ ಮರಿಲಿನ್ ರಾಬಿನ್ಸನ್ ಅಯೋವಾದ ಕಾಲ್ಪನಿಕ ಪುಟ್ಟ ಊರೊಂದರ ಪಾದ್ರಿಯ ಕುರಿತು ಬರೆದ ಕಾದಂಬರಿಗೆ 2005ರಲ್ಲಿ ಪುಲಿಟ್ಜರ್ ಬಂತು.

ಅಂದಹಾಗೆ, ವರ್ಕ್‌ಷಾಪ್ ಈಗ ಇರುವುದು ಡೇ ಹೌಸ್ ಎಂಬ ಹಳೆಯ ಮನೆಯಲ್ಲಿ. ಪೀಟರ್ ಡೇ ಎಂಬ ರೈಲ್ವೆ ಎಂಜಿನಿಯರ್ ಅದನ್ನು ಕಟ್ಟಿಸಿದ್ದು 1857ರಲ್ಲಿ, ಅಂದರೆ ರಾಜಧಾನಿ ಊರು ಬಿಟ್ಟ ವರ್ಷ.

ಹೊರದೇಶದವರಿಗೆ ಈ ಊರಿನ ಬಾಗಿಲು ತೆರೆದವರೂ ಎಂಗಲ್ ಅವರೇ. 1963ರಲ್ಲಿ ಅವರು ಕಲ್ಕತ್ತೆಗೆ ಬಂದಿದ್ದರು. ಅವರ ಆಹ್ವಾನದ ಮೇಲೆ ಬಂಗಾಳಿಯ ತರುಣ ಕವಿ ಸುನೀಲ್ ಗಂಗೋಪಾಧ್ಯಾಯ ಅಯೋವಾಕ್ಕೆ ಹೋದರು. ಅದೇ ಪ್ರವಾಸದಲ್ಲಿ ತೈವಾನಿನಲ್ಲಿ ಎಂಗಲ್ ಅವರಿಗೆ ಪರಿಚಯವಾದವರು ಚೀನೀ ಕಾದಂಬರಿಗಾರ್ತಿ ಹುವಾಲಿಂಗ್ ನಿಯೆ. ಆಕೆ ಕೆಲಸ ಮಾಡುತ್ತಿದ್ದ ಪತ್ರಿಕೆಯನ್ನು ಅಲ್ಲಿನ ಸರ್ಕಾರ 1960ರಲ್ಲಿ ಮುಚ್ಚಿಸಿತ್ತು. ಅಯೋವಾಕ್ಕೆ ಬಂದು ನೆಲೆಸಿದ ಆಕೆ, ಊರ ಹೊರಗಿನ ಜಲಾಶಯದಲ್ಲಿ ದೋಣಿ ವಿಹಾರ ಮಾಡುವಾಗ ಒಂದು ಮಾತು ಹಾಕಿದರು: ಪ್ರಪಂಚದ ಎಲ್ಲ ಕಡೆಯ ಲೇಖಕರನ್ನು ಕರೆಸಿ ಇಲ್ಲಿ ಕೆಲವು ತಿಂಗಳು ಇರಿಸಿಕೊಳ್ಳುವ ಯೋಜನೆ ಏಕಾಗಬಾರದು? ಎಂಗಲ್ ಇದನ್ನು ಮೊದಲು ಹುಚ್ಚುತನವೆಂದರು. 1967ರಲ್ಲಿ ಇಂಟರ್‌ನ್ಯಾಷನಲ್ ರೈಟಿಂಗ್ ಪ್ರೋಗ್ರಾಂ ಹುಟ್ಟಿತು. 1971ರಲ್ಲಿ ಇಬ್ಬರೂ ಮದುವೆಯಾದರು.

ಇಲ್ಲಿ ಪಾಠವಿಲ್ಲ, ಪರೀಕ್ಷೆಯಿಲ್ಲ. ಲೇಖಕ ಬಂದು ಇರಬೇಕು, ಬರೆಯಬೇಕು, ಇತರರೊಡನೆ ಮಾತಾಡಬೇಕು, ಅಷ್ಟೆ. ಶೀತಲ ಸಮರದ ದಿನಗಳಲ್ಲಿ ಇದು ಎಷ್ಟು ಅಪರೂಪವಾಗಿತ್ತೆಂದು ಇಂದು ಊಹಿಸುವುದು ಕಷ್ಟ. ಪರಸ್ಪರ ಮುಖ ನೋಡದ ದೇಶಗಳ ಲೇಖಕರು ನದಿ ದಂಡೆಯ ಮೇಫ್ಲವರ್ ಕಟ್ಟಡದಲ್ಲಿ ಅಕ್ಕಪಕ್ಕದ ಕೋಣೆಗಳಲ್ಲಿ ಅಡುಗೆ ಮಾಡಿಕೊಂಡಿದ್ದರು. ಅಮೆರಿಕ ಮತ್ತು ಚೀನಾ ರಾಯಭಾರ ಸಂಬಂಧ ಬೆಳೆಸಿದ 1979ರಲ್ಲಿಯೇ ಚೀನಾ, ತೈವಾನ್, ಹಾಂಗ್‌ಕಾಂಗ್‌ಗಳ ಲೇಖಕರು ಮೂವತ್ತು ವರ್ಷಗಳ ತರುವಾಯ ಒಂದೇ ಚಾವಣಿಯ ಕೆಳಗೆ ಕೂತು ಮಾತಾಡಿದ್ದು ಇಲ್ಲಿ. ನೊಬೆಲ್ ಪಡೆಯುವ ಎಷ್ಟೋ ವರ್ಷ ಮೊದಲೇ ತುರ್ಕಿಯ ಓರ್ಹಾನ್ ಪಾಮುಕ್ (1985), ದಕ್ಷಿಣ ಕೊರಿಯಾದ ಹಾನ್ ಕಾಂಗ್ (1998), ಚೀನಾದ ಮೊ ಯಾನ್ (2004) ಈ ಊರಿನ ಅತಿಥಿಗಳಾಗಿದ್ದರು. ಭಾರತದಿಂದ ಹೋದವರಲ್ಲಿ ಬಂಗಾಳಿಯ ಶಂಖ ಘೋಷ್, ಮರಾಠಿಯ ದಿಲೀಪ್ ಚಿತ್ರೆ, ಹಿಂದಿಯ ನಿರ್ಮಲ್ ವರ್ಮ ಇದ್ದಾರೆ. ಕನ್ನಡಕ್ಕೂ ಈ ಊರಿನ ನಂಟಿದೆ. ಯು.ಆರ್. ಅನಂತಮೂರ್ತಿ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ‘ಘಾಚರ್ ಘೋಚರ್’ ಬರೆದ ವಿವೇಕ ಶಾನಭಾಗ 2016ರಲ್ಲಿ ರೈಟಿಂಗ್ ಪ್ರೋಗ್ರಾಂನ ಅತಿಥಿ ಲೇಖಕರಾಗಿದ್ದರು.

ಇಷ್ಟು ದೊಡ್ಡ ಅತಿಥಿ ಸತ್ಕಾರಕ್ಕೆ ದುಡ್ಡು ಎಲ್ಲಿಂದ ಬಂತು ಎಂಬ ಪ್ರಶ್ನೆ ಸಹಜ. ಕಂಪೆನಿಗಳ ದೇಣಿಗೆ, ವಿಶ್ವವಿದ್ಯಾನಿಲಯದ ನೆರವು, ವಿದೇಶಾಂಗ ಇಲಾಖೆಯ ಅನುದಾನ. ಇವಲ್ಲದೆ 1967ರಲ್ಲಿ ಫಾರ್‌ಫೀಲ್ಡ್ ಫೌಂಡೇಷನ್ ಎಂಬ ಸಂಸ್ಥೆಯೂ ಹಣ ಕೊಟ್ಟಿತ್ತು. ಅದು ಬೇಹುಗಾರಿಕೆ ಸಂಸ್ಥೆ ಸಿ.ಐ.ಎ.ಯ ಮುಖವಾಡವಾಗಿತ್ತು. ಇದೇ ವರ್ಕ್‌ಷಾಪ್‌ನಲ್ಲಿ ಕಲಿತ ಎರಿಕ್ ಬೆನೆಟ್ 2015ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೆಲ್ಲ ವಿವರವಾಗಿ ಚರ್ಚಿಸಿದ್ದಾರೆ. ಕಮ್ಯುನಿಸಂ ಕಡೆ ವಾಲದಂತೆ ಲೇಖಕರ ಮನ ಗೆಲ್ಲುವ ಉದ್ದೇಶ ದುಡ್ಡು ಕೊಟ್ಟವರಿಗೆ ಇದ್ದದ್ದು ನಿಜ. ಆದರೆ ಬಂದವರೆಲ್ಲ ಆ ತಾಳಕ್ಕೆ ಕುಣಿದರೆಂದು ಹೇಳಲು ಅವರ ಬರಹಗಳಲ್ಲಿ ಆಧಾರ ಸಿಗುವುದಿಲ್ಲ. ಸುನೀಲ್ ಗಂಗೋಪಾಧ್ಯಾಯರಂತೂ ಬಂಗಾಳಿಯಲ್ಲೇ ಬರೆಯಬೇಕೆಂದು ಕಲ್ಕತ್ತೆಗೆ ವಾಪಸು ಬಂದರು.

ಹೀಗೆಂದು ಊರಿನವರೆಲ್ಲ ಹಗಲಿರುಳೂ ಕವಿತೆ ಓದುತ್ತಿರುತ್ತಾರೆಂದು ಭಾವಿಸಬೇಕಾಗಿಲ್ಲ. ಶರತ್ಕಾಲದ ಶನಿವಾರಗಳಂದು ಊರಿನ ದೇವರು ಫುಟ್‌ಬಾಲ್. ಕಿನಿಕ್ ಕ್ರೀಡಾಂಗಣದಲ್ಲಿ ಸುಮಾರು 69,000 ಜನ ಹಿಡಿಸುತ್ತಾರೆ, ಅಂದರೆ ಹೆಚ್ಚುಕಡಿಮೆ ಇಡೀ ಊರೇ. 1939ರಲ್ಲಿ ದೇಶದ ಶ್ರೇಷ್ಠ ಕಾಲೇಜು ಆಟಗಾರನೆಂದು ಹೈಸ್‌ಮನ್ ಪ್ರಶಸ್ತಿ ಪಡೆದು, 1943ರಲ್ಲಿ ನೌಕಾದಳದ ವಿಮಾನ ತರಬೇತಿಯಲ್ಲಿ ಮಡಿದ ನೈಲ್ ಕಿನಿಕ್ ಹೆಸರು ಅದಕ್ಕಿದೆ. ಪಕ್ಕದಲ್ಲೇ ವಿಶ್ವವಿದ್ಯಾನಿಲಯದ ಮಕ್ಕಳ ಆಸ್ಪತ್ರೆ. ಅದರ ಮೇಲಂತಸ್ತಿನ ಕಿಟಕಿಗಳಿಂದ ಆಟ ಕಾಣುತ್ತದೆ. 2017ರಿಂದ ಒಂದು ಪದ್ಧತಿ ಬೆಳೆದಿದೆ. ಆಟದ ಮೊದಲ ಕಾಲುಭಾಗ ಮುಗಿದೊಡನೆ ಪ್ರೇಕ್ಷಕರು, ಆಟಗಾರರು, ಎದುರು ತಂಡದವರೂ ಸೇರಿ ಆಸ್ಪತ್ರೆಯ ಕಡೆ ತಿರುಗಿ ಕೈಬೀಸುತ್ತಾರೆ. ಕಾಯಿಲೆ ಮಕ್ಕಳು ಗಾಜಿನ ಹಿಂದಿನಿಂದ ಕೈಬೀಸುತ್ತವೆ. ಯಾವ ಸಮಿತಿಯೂ ಯೋಜಿಸಿದ್ದಲ್ಲ. ಅಭಿಮಾನಿಯೊಬ್ಬರು ಸೂಚಿಸಿದ್ದನ್ನು ಊರು ಎತ್ತಿಕೊಂಡಿತು.

ವಿದ್ಯಾರ್ಥಿಗಳಿಗೂ ಖಾಯಂ ನಿವಾಸಿಗಳಿಗೂ ಸದಾ ಸರಸವೇನಿಲ್ಲ. ಊರ ನಡುವಿನ ಮದ್ಯದಂಗಡಿಗಳ ಗಲಾಟೆ ಹಳೆಯ ತಕರಾರು. 21 ವರ್ಷ ತುಂಬದವರು ರಾತ್ರಿ ಹತ್ತರ ನಂತರ ಬಾರ್‌ನಲ್ಲಿರಬಾರದೆಂದು 2010ರಲ್ಲಿ ನಗರಸಭೆ ನಿಯಮ ಮಾಡಿತು. ವಿದ್ಯಾರ್ಥಿಗಳು, ಬಾರ್ ಮಾಲೀಕರು ಅದನ್ನು ರದ್ದುಪಡಿಸಲು ಜನಮತಕ್ಕೆ ಹಾಕಿಸಿದರು, ಸೋತರು. ಇದರ ನಡುವೆಯೂ ವಾಹನಗಳಿಗೆ ಪ್ರವೇಶವಿಲ್ಲದ ಪೇಟೆಬೀದಿ, ಅಯೋವಾ ಅವೆನ್ಯೂದ ಕಾಲುಹಾದಿಯಲ್ಲಿ ಹುದುಗಿಸಿದ ಲೇಖಕರ ಕಂಚಿನ ಫಲಕಗಳು, 1978ರಲ್ಲಿ ಆರಂಭವಾದ ಪ್ರೇರಿ ಲೈಟ್ಸ್ ಪುಸ್ತಕದಂಗಡಿ ಎಲ್ಲರಿಗೂ ಸೇರಿದ ಜಾಗಗಳು. ಆ ಅಂಗಡಿಯಲ್ಲಿ ವಾಚನಕ್ಕೆ ಬಂದವರ ದನಿ ಬಹುಕಾಲ ರೇಡಿಯೋದಲ್ಲಿ ರಾಜ್ಯಕ್ಕೆಲ್ಲ ಕೇಳುತ್ತಿತ್ತು. 2010ರ ಮಾರ್ಚ್‌ನಲ್ಲಿ ಅಧ್ಯಕ್ಷ ಬರಾಕ್ ಒಬಾಮ ದಿಢೀರನೆ ಅಲ್ಲಿಗೆ ಹೋಗಿ ಪುಸ್ತಕ ಕೊಂಡರು. ಓಕ್‌ಲ್ಯಾಂಡ್ ಸ್ಮಶಾನದಲ್ಲಿ ಬೊಹೀಮಿಯಾದಿಂದ ವಲಸೆ ಬಂದ ಸೂಲಗಿತ್ತಿಯೊಬ್ಬಳು ಮಗ ಮತ್ತು ಗಂಡನ ನೆನಪಿಗೆ ನಿಲ್ಲಿಸಿದ ಕಂಚಿನ ದೇವದೂತೆಯ ಪ್ರತಿಮೆ ಇದೆ. ಕಂಚು ಗಾಳಿಗೆ ಕಪ್ಪಾಗಿದೆ, ಅಷ್ಟೆ. ಆದರೆ ಅದನ್ನು ಮುಟ್ಟಿದವರು ಸಾಯುತ್ತಾರೆಂದು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳನ್ನು ಹಳಬರು ಹೆದರಿಸುತ್ತಾರೆ. ಸ್ಥಳ ಹುಡುಕಿದ ಚಾನ್ಸಿ ಸ್ವಾನ್ ಅವರ ಹೆಸರು ಈಗ ಉಳಿದಿರುವುದು ಕಾರು ನಿಲ್ಲಿಸುವ ಒಂದು ಕಟ್ಟಡಕ್ಕೆ. ಅದರ ನೆಲ ಅಂತಸ್ತಿನಲ್ಲೇ ಬೇಸಿಗೆಯ ಶನಿವಾರಗಳಂದು ರೈತರ ಸಂತೆ ನಡೆಯುತ್ತದೆ.

2001ರ ನವೆಂಬರ್‌ನಲ್ಲಿ ದುರಸ್ತಿ ಕೆಲಸದ ವೇಳೆ ಬೆಂಕಿ ಹತ್ತಿ ಓಲ್ಡ್ ಕ್ಯಾಪಿಟಲ್‌ನ ಗುಮ್ಮಟ ಉರಿದುಹೋಯಿತು. ಈಗಿರುವುದು ಹೊಸದು; ಕಟ್ಟಡ ಮತ್ತೆ ತೆರೆದದ್ದು 2006ರಲ್ಲಿ. ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ನದಿ. 2008ರ ಜೂನ್‌ನಲ್ಲಿ ಮೇಲ್ಗಡೆಯ ಕೋರಲ್‌ವಿಲ್ ಅಣೆಕಟ್ಟು ಕೋಡಿ ಬಿದ್ದು, ಜೂನ್ 15ರಂದು ನೀರಿನ ಮಟ್ಟ 31.53 ಅಡಿ ಮುಟ್ಟಿತು. ವಿಶ್ವವಿದ್ಯಾನಿಲಯದ ಸುಮಾರು 20 ಕಟ್ಟಡಗಳಿಗೆ ನೀರು ನುಗ್ಗಿತು. ಲೇಖಕರು ಹಿಂದೆ ತಂಗುತ್ತಿದ್ದ ಮೇಫ್ಲವರ್ ಕೂಡ ಮುಳುಗಿತು. ಪ್ರಧಾನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಪುಸ್ತಕಗಳು, ಅಪೂರ್ವ ಪ್ರಬಂಧಗಳು ಇದ್ದವು. ವಿದ್ಯಾರ್ಥಿಗಳು, ಅಧ್ಯಾಪಕರು, ಊರಿನವರು ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತು, ಕೈಯಿಂದ ಕೈಗೆ ಪುಸ್ತಕ ದಾಟಿಸುತ್ತ ಅವನ್ನು ಮೇಲಿನ ಅಂತಸ್ತುಗಳಿಗೆ ಸಾಗಿಸಿದರು. ಹ್ಯಾಂಚರ್ ರಂಗಮಂದಿರ ಕೈಮೀರಿ ಹಾಳಾಗಿ ಅದನ್ನು ಕೆಡವಬೇಕಾಯಿತು. ಎತ್ತರದ ಜಾಗದಲ್ಲಿ ಹೊಸದು ತೆರೆದದ್ದು 2016ರಲ್ಲಿ.

ನೆರೆ ಇಳಿದ ಐದು ತಿಂಗಳಿಗೆ, 2008ರ ನವೆಂಬರ್‌ನಲ್ಲಿ, ಯುನೆಸ್ಕೊ ಅಯೋವಾ ಸಿಟಿಯನ್ನು ‘ಸಾಹಿತ್ಯ ನಗರ’ವೆಂದು ಘೋಷಿಸಿತು. ಎಡಿನ್‌ಬರೊ, ಮೆಲ್ಬರ್ನ್‌ಗಳ ನಂತರ ಈ ಮನ್ನಣೆ ಪಡೆದ ಮೂರನೆಯ ನಗರವಿದು. ಭಾರತದ ಮೊದಲ ಸಾಹಿತ್ಯ ನಗರವಾಗಿ ಕೇರಳದ ಕೋಯಿಕ್ಕೋಡ್ ಈ ಸಾಲಿಗೆ ಸೇರಿದ್ದು 2023ರಲ್ಲಿ.

ಸರ್ಕಾರ ಎದ್ದುಹೋದರೆ ಏನು ಮಾಡಬೇಕೆಂಬುದನ್ನು ಈ ಊರು 1857ರಲ್ಲೊಮ್ಮೆ ಕಲಿತಿತ್ತು. 2025ರ ಫೆಬ್ರವರಿಯಲ್ಲಿ ಆ ಪಾಠ ಮತ್ತೆ ಎದುರಾಯಿತು. ಅಮೆರಿಕದ ವಿದೇಶಾಂಗ ಇಲಾಖೆ ರೈಟಿಂಗ್ ಪ್ರೋಗ್ರಾಂಗೆ ಕೊಡುತ್ತಿದ್ದ ಸುಮಾರು 10 ಲಕ್ಷ ಡಾಲರ್ ಅನುದಾನವನ್ನು ರದ್ದುಪಡಿಸಿತು. ಈ ಲೇಖಕರ ಕಾರ್ಯಕ್ರಮ ಈಗ ರಾಷ್ಟ್ರೀಯ ಹಿತಾಸಕ್ತಿಗೆ ಹೊಂದುವುದಿಲ್ಲವೆಂಬುದು ಇಲಾಖೆ ಕೊಟ್ಟ ಕಾರಣ. ತರುಣರ ಬೇಸಿಗೆ ಶಿಬಿರ, ದೂರಶಿಕ್ಷಣದ ತರಗತಿಗಳು ನಿಂತವು. ಶರತ್ಕಾಲಕ್ಕೆ ಬರುವ ಲೇಖಕರ ಸಂಖ್ಯೆಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಲಾಗುವುದೆಂದು ಪ್ರಕಟವಾಯಿತು. ಉಳಿದವರ ಖರ್ಚಿಗೆ ದೇಣಿಗೆಗಳೇ ಗತಿ. ಪಾಲ್ ಎಂಗಲ್ 1991ರಲ್ಲೇ, ಪೋಲೆಂಡಿಗೆ ಹೊರಟಿದ್ದಾಗ ಷಿಕಾಗೋ ವಿಮಾನ ನಿಲ್ದಾಣದಲ್ಲಿ ತೀರಿಕೊಂಡಿದ್ದರು. ಹುವಾಲಿಂಗ್ ನಿಯೆ ಎಂಗಲ್ ತೀರಿಕೊಂಡದ್ದು 2024ರ ಅಕ್ಟೋಬರ್‌ನಲ್ಲಿ, ಅನುದಾನ ನಿಲ್ಲುವುದಕ್ಕೆ ನಾಲ್ಕು ತಿಂಗಳು ಮೊದಲು, ಅಯೋವಾ ಸಿಟಿಯಲ್ಲಿಯೇ. ಅವರಿಗೆ 99 ವರ್ಷವಾಗಿತ್ತು.